ಕಿತ್ತಳೆ ಉದುರಿದ್ದಕ್ಕೆಲ್ಲ ನೊಣವೇ ಕಾರಣವಲ್ಲ. ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ನೋಡಿ

ಮಾನ್ಯರೆ,

ಕಿತ್ತಳೆ ಬಣ್ಣ ತಿರುಗುವ ಹೊತ್ತಿಗೆ ಮರದಡಿ ಹಣ್ಣು ಉದುರಿ ಕೊಳೆಯುವ ಸುದ್ದಿ ಕೊಡಗಿನಿಂದ ಪ್ರತಿ ವರ್ಷ ಬರುತ್ತದೆ. ಅದಕ್ಕೆ ಹೇಳುವ ಕಾರಣಗಳೂ ಪ್ರತಿ ವರ್ಷ ಅವೇ: ಮಳೆ ಹೆಚ್ಚಾಯಿತು, ಇಲ್ಲವೆ ಹಣ್ಣುನೊಣ ಬಿತ್ತು. ಎರಡೂ ಸುಳ್ಳಲ್ಲ. ಆದರೆ ಉದುರಿದ ಹಣ್ಣನ್ನು ಕೊಯ್ದು ನೋಡುವವರಿಗೆ ಗೊತ್ತು, ಕೆಲವು ಹಣ್ಣಿನಲ್ಲಿ ಒಂದು ಹುಳುವೂ ಇರುವುದಿಲ್ಲ. ಸಿಪ್ಪೆಯ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತು, ಅದರ ಸುತ್ತ ಕಂದು ಉಂಗುರ, ಒಳಗೆ ರಸ ಬತ್ತಿ ಹತ್ತಿಯಂತಾದ ತೊಳೆ. ಇದು ರಸ ಹೀರುವ ಪತಂಗದ ಕೆಲಸ. ಅದು ಬರುವುದು ಕತ್ತಲಾದ ಮೇಲೆ, ಹೋಗುವುದು ಬೆಳಕು ಹರಿಯುವ ಮುನ್ನ. ತೋಟ ನೋಡಲು ಬರುವವರು ಬರುವುದು ಹಗಲು ಹನ್ನೊಂದಕ್ಕೆ. ಹಾಗಾಗಿ ತಪ್ಪೆಲ್ಲ ನೊಣದ ಲೆಕ್ಕಕ್ಕೆ ಜಮೆಯಾಗುತ್ತದೆ, ಔಷಧಿಯ ಬಿಲ್ಲು ಬೆಳೆಗಾರನ ಲೆಕ್ಕಕ್ಕೆ.

ಪತಂಗ ಎಂದರೆ ನಮಗೆಲ್ಲ ಒಂದು ಪಾಠ ಇದೆ: ಬೆಳೆ ತಿನ್ನುವುದು ಹುಳು, ರೆಕ್ಕೆ ಬಂದ ಮೇಲೆ ಅದು ಹೂವಿನ ಮಕರಂದ ಕುಡಿದುಕೊಂಡು ಯಾರಿಗೂ ತೊಂದರೆ ಕೊಡದೆ ಬದುಕುತ್ತದೆ. ಕಾಯಿಕೊರಕ, ಕಾಂಡಕೊರಕ ಎಲ್ಲ ಹೀಗೆಯೇ. ಈ ಪತಂಗದ್ದು ತಿರುಗುಮುರುಗು. ಇದರ ಹುಳು ಕಿತ್ತಳೆ ಮರವನ್ನು ಮುಟ್ಟುವುದೇ ಇಲ್ಲ. ಬೇಲಿಯ ಮೇಲೆ, ಕಾಡಿನಂಚಿನಲ್ಲಿ ಬೆಳೆಯುವ ಬಳ್ಳಿಗಳ ಎಲೆ ತಿಂದು ಬೆಳೆಯುತ್ತದೆ. ಹಾನಿ ಮಾಡುವುದು ರೆಕ್ಕೆ ಬಂದ ಪತಂಗ. ಹುಳುವನ್ನು ಹುಡುಕಿ ಮರಕ್ಕೆ ಔಷಧಿ ಹೊಡೆಯುವವನು ತಪ್ಪು ಮನೆಯ ಬಾಗಿಲು ತಟ್ಟುತ್ತಿದ್ದಾನೆ ಎಂದೇ ಅರ್ಥ.

ಇದು ಒಂದೇ ಜಾತಿಯಲ್ಲ. ದಕ್ಷಿಣ ಭಾರತದ ತೋಟಗಳಲ್ಲಿ ಮುಖ್ಯವಾದವು ಯುಡೋಸಿಮಾ ಮೆಟರ್ನಾ, ಯುಡೋಸಿಮಾ ಫಲೋನಿಯಾ, ಯುಡೋಸಿಮಾ ಹೋಮೆನಾ. ಹಳೆಯ ಪುಸ್ತಕಗಳಲ್ಲಿ ಇವೇ ಓಥ್ರೈಸ್ ಎಂಬ ಹೆಸರಿನಲ್ಲಿವೆ, ಫಲೋನಿಯಾ ಎಂಬಲ್ಲಿ ಫುಲೋನಿಯಾ ಎಂದಿರುತ್ತದೆ. ಬೇರೆ ಕೀಟವೆಂದು ಗಾಬರಿಯಾಗುವುದು ಬೇಡ. ರೆಕ್ಕೆ ಬಿಚ್ಚಿದರೆ ಈ ತುದಿಯಿಂದ ಆ ತುದಿಗೆ 8ರಿಂದ 10 ಸೆಂಟಿಮೀಟರ್, ಅಂಗೈ ಅಗಲ. ಮುಂದಿನ ರೆಕ್ಕೆ ಒಣಗಿದ ಎಲೆಯ ಬಣ್ಣ, ನರಗಳೂ ಎಲೆಯ ನರದಂತೆಯೇ. ಹಿಂದಿನ ರೆಕ್ಕೆ ಮಾತ್ರ ಅರಿಸಿನ ಕಿತ್ತಳೆ ಬಣ್ಣ, ಅಂಚಿಗೆ ಕಪ್ಪು. ನಡುವೆ ದುಂಡನೆಯ ಕಪ್ಪು ಬೊಟ್ಟಿದ್ದರೆ ಮೆಟರ್ನಾ, ಅಲ್ಪವಿರಾಮದಂತೆ ಬಾಗಿದ ಕಪ್ಪು ಪಟ್ಟಿ ಇದ್ದರೆ ಫಲೋನಿಯಾ. ಹಗಲು ರೆಕ್ಕೆ ಮಡಿಸಿ ಕಾಫಿ ಗಿಡದ ಬುಡದ ತರಗೆಲೆಯ ನಡುವೆ ಕುಳಿತರೆ ಕಾಲಡಿಗೆ ಬಂದರೂ ಗೊತ್ತಾಗದು.

ನಿಜವಾಗಿ ನೋಡಬೇಕಾದದ್ದು ಇದರ ಸೊಂಡಿಲು. ಸಾಮಾನ್ಯ ಪತಂಗದ ಸೊಂಡಿಲು ಮೆತ್ತಗಿನ ನಳಿಕೆ, ಹೂವಿನೊಳಕ್ಕೆ ಇಳಿಸಲಷ್ಟೇ ಲಾಯಕ್ಕು. ಇದರದ್ದು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಗಟ್ಟಿ, ತುದಿ ಚೂಪು. ತುದಿಯ ಹತ್ತಿರ ಹಿಮ್ಮುಖವಾಗಿ ಬಾಗಿದ ಕೊಕ್ಕೆಗಳು ಮತ್ತು ಮುಳ್ಳುಗಳ ಸಾಲು. ಸೊಂಡಿಲು ಒಂದೇ ಕೊಳವೆಯಂತೆ ಕಂಡರೂ ಉದ್ದಕ್ಕೆ ಸೀಳಿದ ಎರಡು ಅರ್ಧಗಳು ಜಿಪ್ ಹಾಕಿದಂತೆ ಕೂಡಿಕೊಂಡಿರುವುದು ಅದು. ಹಣ್ಣಿನ ಮೇಲೆ ಕುಳಿತ ಪತಂಗ ಮೊದಲು ಸಿಪ್ಪೆಯನ್ನು ತಡವಿ ಮೆದು ಜಾಗ ಹುಡುಕುತ್ತದೆ. ಆಮೇಲೆ ಒಂದು ಅರ್ಧ ಮುಂದೆ, ಇನ್ನೊಂದು ಹಿಂದೆ, ಹೀಗೆ ಗರಗಸದಂತೆ ಸರದಿ ಮೇಲೆ ಆಡಿಸುತ್ತದೆ, ಜೊತೆಗೆ ತಲೆ ಮೇಲೆ ಕೆಳಗೆ ತೂಗುತ್ತದೆ. ಒಂದು ಕಡೆಯ ಕೊಕ್ಕೆ ಸಿಪ್ಪೆಯನ್ನು ಹಿಡಿದು ನಿಲ್ಲಿಸಿದರೆ ಇನ್ನೊಂದು ಕಡೆ ಒಳಕ್ಕೆ ನುಗ್ಗುತ್ತದೆ. ಕೊಡಗಿನ ಕಿತ್ತಳೆಯಂಥ ಸಡಿಲ, ತೆಳು ಸಿಪ್ಪೆ ಇದಕ್ಕೆ ಲೆಕ್ಕಕ್ಕೇ ಇಲ್ಲ. ಸೊಂಡಿಲು ಬುಡದವರೆಗೂ ಇಳಿದ ಮೇಲೆ ಒಂದೇ ತೂತಿನಿಂದ ಒಳಗೊಳಗೇ ದಿಕ್ಕು ಬದಲಿಸಿ ನಾಲ್ಕಾರು ಕಡೆಯ ರಸಕೋಶ ಹರಿದು ಹೀರುತ್ತದೆ. ಆದ್ದರಿಂದಲೇ ಹೊರಗೆ ತೂತು ಒಂದಾದರೂ ಒಳಗೆ ಎರಡು ಮೂರು ತೊಳೆ ಒಣಗಿರುತ್ತವೆ.

ಹೀರಿದ ರಸದಿಂದ ಆಗುವ ನಷ್ಟ ಚಿಕ್ಕದು. ದೊಡ್ಡ ನಷ್ಟ ತೂತಿನಿಂದ. ಹಸಿರು ಬೂಜು ತರುವ ಪೆನಿಸಿಲಿಯಂ, ಹುಳಿ ಕೊಳೆ ತರುವ ಜಿಯೋಟ್ರೈಕಂ, ಇವೆಲ್ಲ ಗಾಯವಿಲ್ಲದ ಸಿಪ್ಪೆಯನ್ನು ದಾಟಲಾರವು. ಪತಂಗ ಬಾಗಿಲು ತೆರೆದುಕೊಡುತ್ತದೆ. ಕೊಕ್ಕೆ ಇಲ್ಲದ, ಮೆದು ಸೊಂಡಿಲಿನ ಬೇರೆ ಪತಂಗಗಳೂ ಅದೇ ತೂತಿಗೆ ಸರದಿ ನಿಲ್ಲುತ್ತವೆ. ಅವು ತಾವಾಗಿ ಚುಚ್ಚಲಾರವು, ಚುಚ್ಚಿಟ್ಟದ್ದನ್ನು ಬಿಡುವುದೂ ಇಲ್ಲ. ರಾತ್ರಿ ಒಂದೇ ಹಣ್ಣಿನ ಮೇಲೆ ಮೂರು ಬಗೆಯ ಪತಂಗ ಕಂಡರೆ ಎಲ್ಲವೂ ಅಪರಾಧಿಗಳಲ್ಲ.

ಈಗ ಗುರುತಿಸುವ ವಿಷಯ. ಇದನ್ನು ವಿವರವಾಗಿ ಬರೆಯುವುದು ಅಗತ್ಯ, ಏಕೆಂದರೆ ಗುರುತು ತಪ್ಪಿದರೆ ಮುಂದಿನ ಖರ್ಚೆಲ್ಲ ವ್ಯರ್ಥ.

ಬೆಳಿಗ್ಗೆ ಮರದಡಿ ಹೊಸದಾಗಿ ಬಿದ್ದ ಹಣ್ಣು ಮತ್ತು ಮರದ ಮೇಲೆ ಬಣ್ಣ ತಿರುಗಿದ ಹಣ್ಣು ಹತ್ತಿಪ್ಪತ್ತು ಆರಿಸಿಕೊಳ್ಳಿ. ಹಣ್ಣನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅದುಮಿ. ಪತಂಗ ಚುಚ್ಚಿದ್ದರೆ ತೂತಿನಿಂದ ರಸ ಸಣ್ಣಗೆ ಚಿಮ್ಮುತ್ತದೆ ಅಥವಾ ಹನಿ ಮೂಡುತ್ತದೆ. ಹಿಂದಿನ ರಾತ್ರಿಯ ತೂತು ಬರಿಗಣ್ಣಿಗೆ ಕಷ್ಟಪಟ್ಟು ಕಾಣುವಷ್ಟು ಸಣ್ಣದು, ಅಂಚು ಹಸಿ. ಎರಡು ಮೂರು ದಿನದಲ್ಲಿ ಸುತ್ತಲಿನ ಸಿಪ್ಪೆ ನೀರು ಕುಡಿದಂತಾಗಿ ಕಂದು ಉಂಗುರ ಕಟ್ಟುತ್ತದೆ, ಮೆತ್ತಗಾಗಿ ತಗ್ಗುತ್ತದೆ. ಅಲ್ಲಿಂದ ಮುಂದೆ ಬೂಜು, ಒಂದು ವಾರದೊಳಗೆ ಹಣ್ಣು ನೆಲಕ್ಕೆ.

ಹಣ್ಣುನೊಣ ಮೊಟ್ಟೆ ಇಟ್ಟ ಗುರುತೂ ಸಣ್ಣ ಚುಕ್ಕೆಯೇ, ಆದರೆ ಅದು ಸಿಪ್ಪೆಯಷ್ಟು ಆಳಕ್ಕೆ ಮಾತ್ರ; ಅದುಮಿದರೆ ರಸ ಚಿಮ್ಮದು. ಚಾಕುವಿನಿಂದ ಅಡ್ಡಕ್ಕೆ ಕೊಯ್ದರೆ ಬಿಳಿ ಹುಳುಗಳು ಸಿಗುತ್ತವೆ, ಬಲಿತವು ಒಂದು ಸೆಂಟಿಮೀಟರಿನ ಹತ್ತಿರ ಇರುತ್ತವೆ, ತಟ್ಟೆಗೆ ಹಾಕಿದರೆ ಬಿಲ್ಲಿನಂತೆ ಬಾಗಿ ಚಿಮ್ಮಿ ಹಾರುತ್ತವೆ. ಇಲ್ಲಿ ಒಂದು ಮೋಸ ಇದೆ. ಪತಂಗ ಚುಚ್ಚಿ ಉದುರಿದ ಹಣ್ಣು ನಾಲ್ಕು ದಿನ ನೆಲದ ಮೇಲೆ ಇದ್ದರೆ ಅದಕ್ಕೆ ಅಡುಗೆಮನೆಯ ಬಾಳೆಹಣ್ಣಿಗೆ ಮುತ್ತುವ ಗುಂಗಾಡಿ ನೊಣ ಬಂದು ಮೊಟ್ಟೆ ಇಡುತ್ತದೆ. ಕೊಳೆತ ಭಾಗದಲ್ಲಿ ಮೂರು ನಾಲ್ಕು ಮಿಲಿಮೀಟರಿನ ಸಣ್ಣ ಹುಳುಗಳು ಗಿಜಿಗುಡುತ್ತವೆ, ಅವು ಚಿಮ್ಮಿ ಹಾರುವುದಿಲ್ಲ. ಅದನ್ನು ನೋಡಿ 'ನೊಣ ಬಿದ್ದಿದೆ' ಎಂದು ತೀರ್ಮಾನಿಸಿ ಮೀಥೈಲ್ ಯೂಜಿನಾಲ್ ಬಲೆ ಕಟ್ಟುವವರು ಬಹಳ. ಆ ಬಲೆಗೆ ಬೀಳುವುದು ಹಣ್ಣುನೊಣದ ಗಂಡು ಮಾತ್ರ. ಪತಂಗ ಅದರ ಕಡೆ ತಲೆ ಹಾಕಿಯೂ ಮಲಗದು. ಬಲೆ ತುಂಬ ನೊಣ ಬಿದ್ದಿದೆ, ಆದರೂ ಹಣ್ಣು ಉದುರುತ್ತಲೇ ಇದೆ ಎಂಬ ದೂರಿನ ಹಿಂದೆ ಹೆಚ್ಚಿನ ಸಲ ಇರುವುದು ಇದೇ. ಆದ್ದರಿಂದ ಪರೀಕ್ಷೆಗೆ ಅಂದಂದು ಬಿದ್ದ ಹಣ್ಣನ್ನೇ ಕೊಯ್ಯಬೇಕು, ಹಳೆಯದನ್ನಲ್ಲ.

ಹುಳುವಿನ ಕಥೆಗೆ ಬರೋಣ. ಪತಂಗ ಮೊಟ್ಟೆ ಇಡುವುದು ಅಮೃತಬಳ್ಳಿಯ ಕುಟುಂಬದ ಬಳ್ಳಿಗಳ ಮೇಲೆ: ಅಮೃತಬಳ್ಳಿ, ಹಾಡೆಬಳ್ಳಿ, ದಾಗಡಿ, ಕಾಕಮಾರಿ ಮತ್ತು ಇವುಗಳ ಕಾಡಿನ ನೆಂಟರು. ಎಲೆಯ ಅಡಿಯಲ್ಲಿ ಸಾಸಿವೆಯಷ್ಟು ದೊಡ್ಡ, ತಿಳಿ ಹಳದಿ ಹಸಿರಿನ ದುಂಡು ಮೊಟ್ಟೆ. ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಹುಳು ಎರಡು ಮೂರು ವಾರ ಎಲೆ ತಿಂದು ಬೆರಳುದ್ದ ಬೆಳೆಯುತ್ತದೆ. ಮೈ ನುಣುಪು, ಕಂಬಳಿಹುಳದ ರೋಮವಿಲ್ಲ. ಬಣ್ಣ ಕಪ್ಪು, ಕಂದು, ಹಸಿರು ಯಾವುದೂ ಇರಬಹುದು. ಮೈಯ ಎರಡೂ ಮಗ್ಗುಲಲ್ಲಿ ಎರಡೆರಡು ಕಣ್ಣಿನಂಥ ದೊಡ್ಡ ಬೊಟ್ಟುಗಳಿವೆ. ಮುಟ್ಟಿದರೆ ತಲೆಯನ್ನು ಎದೆಗೆ ಸೇರಿಸಿ ಬಾಲದ ತುದಿಯನ್ನು ಮೇಲಕ್ಕೆತ್ತಿ ಹಾವಿನ ಮರಿಯಂತೆ ನಿಲ್ಲುತ್ತದೆ. ನಾಟಕ ಅಷ್ಟೆ, ಕಚ್ಚದು, ತುರಿಕೆಯೂ ಬಾರದು. ಆಮೇಲೆ ಎಲೆಗಳನ್ನು ನೂಲಿನಿಂದ ಮಡಚಿ ಅದರೊಳಗೆ ಕೋಶ ಕಟ್ಟಿ ಎರಡು ವಾರ ಮಲಗುತ್ತದೆ. ಮೊಟ್ಟೆಯಿಂದ ರೆಕ್ಕೆಯವರೆಗೆ ಒಂದು ತಿಂಗಳಿಂದ ಒಂದೂವರೆ ತಿಂಗಳು. ಮುಂಗಾರಿಗೆ ಬಳ್ಳಿ ಚಿಗುರಿ ಹಬ್ಬುತ್ತದೆ, ಚಿಗುರಿನ ಮೇಲೆ ಮೊದಲ ಸಂತಾನ, ಅದರಿಂದ ಎರಡನೆಯದು. ಹೀಗೆ ಜುಲೈ-ಆಗಸ್ಟಿನ ಕಕ್ಕಡ ತಿಂಗಳು ಕಳೆದು ಸೆಪ್ಟೆಂಬರ್ ಮೊದಲಿನ ಕೈಲ್‌ಪೊಳ್ದ್ ಹಬ್ಬ ಬರುವ ಹೊತ್ತಿಗೆ ಸಂಖ್ಯೆ ಏರುತ್ತದೆ. ಮಳೆಗಾಲದ ಫಸಲಿಗೂ, ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬದ ಮುನ್ನ ಬಣ್ಣ ತಿರುಗುವ ಮೊದಲ ಹಣ್ಣುಗಳಿಗೂ ಪೆಟ್ಟು ಬೀಳುವುದು ಅದಕ್ಕೇ.

ಈ ವಿಷಯ ಗೊತ್ತಿದ್ದವರು ಕೊಡುವ ಸಿದ್ಧ ಸಲಹೆ ಒಂದಿದೆ: 'ಆಸರೆ ಬಳ್ಳಿಗಳನ್ನೆಲ್ಲ ಕಡಿದು ಸುಡಿ.' ಬಯಲುಸೀಮೆಯ ತೋಟಕ್ಕೆ ಇದು ಸರಿಯಿರಬಹುದು. ಕೊಡಗಿನಲ್ಲಿ ತೋಟದ ಒಂದು ಕಡೆ ಬಾಣೆ (ಗದ್ದೆಗೆ ಸೇರಿದ ಕಾಡುಜಾಗ), ಇನ್ನೊಂದು ಕಡೆ ದೇವರಕಾಡು, ಆಚೆ ಮೀಸಲು ಅರಣ್ಯ. ಯಾರು ಯಾವುದನ್ನು ಕಡಿಯುವುದು? ಪತಂಗ ಬಲವಾದ ಹಾರುಗ, ದೂರದಿಂದಲೂ ಬರುತ್ತದೆ. ದೇವರಕಾಡಿಗೆ ಕತ್ತಿ ಹಿಡಿದು ಹೋಗುವ ಮಾತೇ ಬೇಡ. ಮೇಲಾಗಿ ಹಾಡೆಬಳ್ಳಿಯ ತಂಪು, ಅಮೃತಬಳ್ಳಿಯ ಕಷಾಯ ನಮ್ಮ ಮನೆಗಳಿಗೆ ಬೇಕಾದದ್ದು. ಮಾಡಬಹುದಾದದ್ದು ಇಷ್ಟು: ಕಿತ್ತಳೆ ಮರಕ್ಕೆ, ನೆರಳಿನ ಮರಕ್ಕೆ, ತೋಟದ ಬೇಲಿಗೆ ಹಬ್ಬಿದ ಬಳ್ಳಿಯನ್ನು ಮುಂಗಾರು ಹಿಡಿದ ಮೇಲೆ ಒಮ್ಮೆ, ಆಗಸ್ಟಿನಲ್ಲಿ ಇನ್ನೊಮ್ಮೆ ಬುಡಸಹಿತ ತೆಗೆಯುವುದು. ಕಾಂಡವನ್ನು ತುಂಡು ಮಾಡಿ ಅಲ್ಲೇ ಬಿಸಾಡಬೇಡಿ. ಅಮೃತಬಳ್ಳಿಯ ತುಂಡು ಕೊಂಬೆಗೆ ಸಿಕ್ಕಿಕೊಂಡರೂ ದಾರದಂಥ ಬೇರನ್ನು ನೆಲಕ್ಕೆ ಇಳಿಬಿಟ್ಟು ಬದುಕಿಕೊಳ್ಳುತ್ತದೆ. ಮನೆ ಬಳಕೆಗೆ ಬೆಳೆಸಿದ ಬಳ್ಳಿಯನ್ನು ಉಳಿಸಿಕೊಂಡು ವಾರಕ್ಕೊಮ್ಮೆ ಎಲೆ ತಿರುವಿ ಹುಳು ಹೆಕ್ಕಿದರೆ ಸಾಕು. ಕೊರೋನಾ ಕಾಲದಿಂದ ಅಂಗಳಕ್ಕೊಂದು ಅಮೃತಬಳ್ಳಿ ನೆಟ್ಟವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮೊಟ್ಟೆ ಕಪ್ಪಗಾಗಿದ್ದರೆ ಮಾತ್ರ ಮುಟ್ಟಬೇಡಿ. ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳು ಈ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಟ್ಟು ಕೊಲ್ಲುತ್ತವೆ, ಅವುಗಳ ಕೆಲಸ ನಡೆಯಲಿ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ಹೇಳಬೇಕು. ಪೆಸಿಫಿಕ್ ದ್ವೀಪಗಳಲ್ಲಿ ಮತ್ತು ಪಪುವಾ ನ್ಯೂಗಿನಿಯಲ್ಲಿ ಫಲೋನಿಯಾದ ಹುಳು ಹಾಲವಾಣದ ಜಾತಿಯ ಮರಗಳ ಎಲೆಯನ್ನೂ ತಿನ್ನುತ್ತದೆ. ಅಂತರ್ಜಾಲದಲ್ಲಿ ಅದನ್ನು ಓದಿ ಕಾಫಿಯ ನೆರಳಿಗೆ ಇಟ್ಟ ಹಾಲವಾಣವನ್ನು ಕಡಿಯಲು ಹೊರಡಬೇಡಿ. ಏಷ್ಯಾದಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ಇದರ ಹುಳು ಅಮೃತಬಳ್ಳಿಯ ಕುಟುಂಬಕ್ಕೇ ಅಂಟಿಕೊಂಡಿದೆ.

ಮರಕ್ಕೆ ಸಿಂಪಡಿಸುವ ಔಷಧಿ ಏಕೆ ಹತ್ತದು? ಎಲೆ ತಿನ್ನುವ ಹುಳುವಿಗೆ ವಿಷ ಹೊಟ್ಟೆಗೆ ಹೋಗುತ್ತದೆ. ಪತಂಗ ಸಿಪ್ಪೆಯ ಮೇಲಿನ ವಿಷವನ್ನು ತಿನ್ನುವುದೇ ಇಲ್ಲ, ದಾಟಿ ಒಳಗಿನ ರಸ ಕುಡಿಯುತ್ತದೆ. ಬರುವುದು ಕೆಲವು ಗಂಟೆಗೆ, ನಾಳೆ ಬರುವುದು ಬೇರೆಯದೇ ಪತಂಗ. ಮಳೆಗಾಲದಲ್ಲಿ ಹೊಡೆದದ್ದು ಮರುದಿನಕ್ಕೆ ತೊಳೆದುಹೋಗುತ್ತದೆ. ಇನ್ನು ದಾಳಿಯಾಗುವುದು ಕೊಯ್ಲಿಗೆ ಹದಿನೈದು ಇಪ್ಪತ್ತು ದಿನ ಇರುವಾಗ. ಆಗ ಹೊಡೆದ ವಿಷ ತಿನ್ನುವವರ ಹೊಟ್ಟೆಗೆ. 'ಹಣ್ಣಿಗೆ ಪವರ್‌ಫುಲ್ ಔಷಧಿ' ಎಂದು ಎರಡು ಮೂರು ಬೆರೆಸಿ ಕೊಡುವ ಅಂಗಡಿಯ ಸಲಹೆಗೆ ಕೊಡುವ ದುಡ್ಡಿನಲ್ಲಿ ಒಳ್ಳೆಯ ತಲೆಗೆ ಕಟ್ಟುವ ಟಾರ್ಚ್ ಎರಡು ಬರುತ್ತದೆ.

ಟಾರ್ಚಿನ ಮಾತು ತಮಾಷೆಗಲ್ಲ. ಕೈಯಲ್ಲಿ ಹಿಡಿಯುವುದೇ ಈ ಪತಂಗಕ್ಕೆ ಸಣ್ಣ ತೋಟದಲ್ಲಿ ನಂಬಬಹುದಾದ ಉಪಾಯ. ಹಣ್ಣು ಬಣ್ಣ ತಿರುಗಲು ಶುರುವಾದ ದಿನದಿಂದ ರಾತ್ರಿ ಏಳೂವರೆಯಿಂದ ಹನ್ನೊಂದರೊಳಗೆ ಒಂದು ಸುತ್ತು. ಮೊದಲು ಕಾಡಿನ ಕಡೆಯ ಸಾಲು, ಆಮೇಲೆ ಒಳಗೆ. ಬೆಳಕು ಬಿದ್ದರೆ ಪತಂಗದ ಕಣ್ಣು ಒಲೆಯ ಕೆಂಡದಂತೆ ಕೆಂಪಗೆ ಹೊಳೆಯುತ್ತದೆ, ಹತ್ತು ಮೀಟರ್ ದೂರದಿಂದಲೂ ಕಾಣುತ್ತದೆ. ಕಂಡ ಕೂಡಲೇ ಬೆಳಕನ್ನು ನೇರ ಅದರ ಮೇಲೆ ನಿಲ್ಲಿಸದೆ ಸ್ವಲ್ಪ ಪಕ್ಕಕ್ಕೆ ಇಟ್ಟು ಹತ್ತಿರ ಹೋಗಿ. ಇನ್ನೂ ಹಣ್ಣು ಹುಡುಕುತ್ತಿರುವುದು ತಟ್ಟನೆ ಹಾರುತ್ತದೆ; ಸೊಂಡಿಲು ಬುಡದವರೆಗೆ ಇಳಿಸಿ ಕುಡಿಯುತ್ತಿರುವುದಕ್ಕೆ ಅದನ್ನು ಹೊರಗೆಳೆದುಕೊಳ್ಳಲು ಹೊತ್ತು ಬೇಕು, ಕೊಕ್ಕೆಗಳೇ ಅದಕ್ಕೆ ಅಡ್ಡಿ. ಆ ಹೊತ್ತೇ ನಮ್ಮದು. ತಗ್ಗಿನ ಹಣ್ಣಾದರೆ ಅಗಲ ಬಾಯಿಯ ಡಬ್ಬಿಯನ್ನು ಮೇಲಿಂದ ಮುಚ್ಚಿ, ಎತ್ತರದ್ದಾದರೆ ಬಿದಿರಿನ ಗಳಕ್ಕೆ ಒಂದೂವರೆ ಅಡಿ ಅಗಲದ ತಂತಿಯ ಬಳೆ ಕಟ್ಟಿ ಹಳೆಯ ಸೊಳ್ಳೆಪರದೆ ಹೊಲಿದ ಬಲೆ ಸಾಕು. ಬಲೆಯ ಚೀಲ ಬಳೆಯ ಅಗಲಕ್ಕಿಂತ ಎರಡು ಪಟ್ಟು ಉದ್ದ ಇರಬೇಕು. ಗಿಡ್ಡವಾದರೆ ಮಣಿಕಟ್ಟು ತಿರುಗಿಸಿ ಬಾಯಿ ಮುಚ್ಚಲಾಗದೆ ಪತಂಗ ತಪ್ಪಿಸಿಕೊಳ್ಳುತ್ತದೆ. ಹಿಡಿದದ್ದನ್ನು ಸೋಪಿನ ನೀರಿಗೆ ಹಾಕಿ. ಹತ್ತು ಮರಕ್ಕೆ ಎಷ್ಟು ಸಿಕ್ಕಿತು ಎಂದು ದಿನವೂ ಬರೆದಿಡಿ. ಸಂಖ್ಯೆ ಏರುತ್ತಿದ್ದರೆ ಕೊಯ್ಲನ್ನು ಮುಂದೂಡಬಾರದು ಎಂದರ್ಥ.

ಒಬ್ಬರೇ ಹೋಗಬೇಡಿ. ಆನೆ ಓಡಾಡುವ ಕಡೆ, ಅರಣ್ಯ ಇಲಾಖೆಯ ಎಚ್ಚರಿಕೆ ಬಂದ ರಾತ್ರಿ ಸುತ್ತು ಬಿಟ್ಟುಬಿಡಿ, ಹತ್ತು ಕೆ.ಜಿ. ಕಿತ್ತಳೆಗಾಗಿ ಆನೆಯ ಎದುರು ಬೀಳುವುದು ಯಾವ ಲೆಕ್ಕ? ಮೊಣಕಾಲವರೆಗಿನ ಗಂಬೂಟ್ ಇಲ್ಲದೆ ಕಾಫಿ ಗಿಡದ ನಡುವೆ ರಾತ್ರಿ ಕಾಲಿಡಬಾರದು.

ಉದುರಿದ ಹಣ್ಣನ್ನು ಎರಡು ದಿನಕ್ಕೊಮ್ಮೆಯಾದರೂ ಹೆಕ್ಕಬೇಕು. ಕೊಳೆತು ಹುಳಿ ಬರುವ ಹಣ್ಣಿನ ವಾಸನೆಯೇ ಪತಂಗವನ್ನು ದೂರದಿಂದ ಕರೆಯುವ ಗಂಟೆ. ಕಾಫಿಯ ಬುಡಕ್ಕೆ ಗೊಬ್ಬರವಾಗಲಿ ಎಂದು ಬಿಟ್ಟರೆ ಗೊಬ್ಬರಕ್ಕಿಂತ ಮೊದಲು ಪತಂಗ ಬರುತ್ತದೆ. ಎರಡು ಅಡಿ ಆಳದ ಗುಂಡಿಗೆ ಹಾಕಿ ಮಣ್ಣು ತುಳಿದು ಮುಚ್ಚಿ. ಅರ್ಧ ಅಡಿಯ ಗುಂಡಿ ಸಾಲದು. ವಾಸನೆಯೂ ಬರುತ್ತದೆ, ಹಣ್ಣುನೊಣದ ಕೋಶದಿಂದ ಎದ್ದ ನೊಣವೂ ಮಣ್ಣು ತೂರಿ ಮೇಲೆ ಬರುತ್ತದೆ.

ಕೊಯ್ಲಿನ ವಿಷಯದಲ್ಲಿ ನಮ್ಮಲ್ಲಿ ಒಂದು ಹಟ ಇದೆ: ಮರವೆಲ್ಲ ಒಟ್ಟಿಗೆ ಬಣ್ಣ ಬರಲಿ, ಒಂದೇ ಸಲ ಕೊಯ್ದರೆ ಕೂಲಿ ಉಳಿಯುತ್ತದೆ. ಪತಂಗದ ಕಾಲದಲ್ಲಿ ಇದು ದುಬಾರಿ ಉಳಿತಾಯ. ಮಳೆಗಾಲದ ಹಣ್ಣು ಹಸಿರು ಹಳದಿ ಇರುವಾಗಲೇ ತಿನ್ನಲು ಬಂದಿರುತ್ತದೆ, ಪೂರ್ತಿ ಕಿತ್ತಳೆ ಬಣ್ಣಕ್ಕೆ ಕಾಯುವ ಅಗತ್ಯವಿಲ್ಲ. ಆದರೆ ಕಿತ್ತಳೆ ಬಾಳೆಯಂತಲ್ಲ. ಕೊಯ್ದ ಮೇಲೆ ಬಣ್ಣ ಬರಬಹುದು, ಸಿಹಿ ಏರುವುದಿಲ್ಲ. ಹಾಗಾಗಿ ಬಣ್ಣ ನೋಡದೆ ಪ್ರತಿ ಕಡೆಯಿಂದ ಒಂದೆರಡು ಹಣ್ಣು ಬಿಡಿಸಿ ರುಚಿ ನೋಡಿ, ಸಿಹಿ ಬಂದ ಕಡೆಯಿಂದ ಎರಡು ಮೂರು ಕಂತಿನಲ್ಲಿ ಕೊಯ್ಯಬೇಕು. ಕಾಡಿನ ಕಡೆಯ ಸಾಲಿಗೆ ಮೊದಲ ಕಂತು. ತೊಟ್ಟನ್ನು ಕತ್ತರಿಯಿಂದ ಕತ್ತರಿಸಬೇಕು, ಎಳೆದು ಕೀಳಬಾರದು. ಸಡಿಲ ಸಿಪ್ಪೆಯ ನಮ್ಮ ಹಣ್ಣು ಎಳೆದರೆ ತೊಟ್ಟಿನ ಬಳಿ ಹರಿಯುತ್ತದೆ, ಬೂಜಿಗೆ ಪತಂಗದ ತೂತೂ ಒಂದೇ, ಹರಿದ ತೊಟ್ಟೂ ಒಂದೇ.

ಕೊಯ್ದ ದಿನವೇ ಕ್ರೇಟಿಗೆ ತುಂಬಿ ಲಾರಿಗೆ ಏರಿಸುವುದೇ ದೂರದ ಮಂಡಿಯಿಂದ 'ಅರ್ಧ ಕೊಳೆತಿದೆ' ಎಂಬ ಫೋನು ಬರಲು ಕಾರಣ. ಹಿಂದಿನ ರಾತ್ರಿಯ ತೂತು ಕೊಯ್ಲಿನ ದಿನ ಕಾಣುವುದಿಲ್ಲ. ನೆರಳಲ್ಲಿ, ಗಾಳಿಯಾಡುವ ಕಡೆ ಒಂದೇ ಪದರಕ್ಕೆ ಹರಡಿ ಎರಡು ದಿನ ಬಿಟ್ಟರೆ ಚುಚ್ಚಿದ ಹಣ್ಣುಗಳು ಕಂದು ಉಂಗುರ ಕಟ್ಟಿ ತಾವೇ ಗುರುತು ಹೇಳುತ್ತವೆ. ಅವನ್ನು ತೆಗೆದು ಉಳಿದದ್ದನ್ನು ತುಂಬಿ. ಹುಳಿ ಕೊಳೆ ಬಂದ ಒಂದು ಹಣ್ಣಿನ ರಸ ಕ್ರೇಟಿನಲ್ಲಿ ಕೆಳಗಿಳಿದರೆ ಸಣ್ಣ ಗೀರು ಇರುವ ನೆರೆಹೊರೆಯ ಹಣ್ಣಿಗೆಲ್ಲ ಅಂಟುತ್ತದೆ. ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ ಕೊಡುವವರು ಈ ಎರಡು ದಿನದ ಮಾತನ್ನು ಕರಾರಿನಲ್ಲೇ ಆಡಿಕೊಳ್ಳುವುದು ಲೇಸು.

ಉಳಿದ ಉಪಾಯಗಳಲ್ಲಿ ಚೀಲ ಕಟ್ಟುವುದು ಖಂಡಿತ ಕೆಲಸ ಮಾಡುತ್ತದೆ, ಆದರೆ ಕಾಫಿಯ ನಡುವೆ ಎತ್ತರಕ್ಕೆ ಬೆಳೆದ ಮರದ ನೂರಾರು ಹಣ್ಣಿಗೆ ಕಟ್ಟುವ ಕೂಲಿ ಹಣ್ಣಿನ ಬೆಲೆಯನ್ನು ಮೀರುತ್ತದೆ. ಹಿತ್ತಲಿನ ನಾಲ್ಕು ಮರಕ್ಕೆ, ಸೀಬೆಗೆ, ದಾಳಿಂಬೆಗೆ ಸರಿ. ಬಣ್ಣ ತಿರುಗುವ ಮುನ್ನ ಕಟ್ಟಬೇಕು. ಪ್ಲಾಸ್ಟಿಕ್ ಚೀಲವಾದರೆ ತಳದ ಎರಡು ಮೂಲೆ ಕತ್ತರಿಸಿ ನೀರು ಇಳಿಯಲು ದಾರಿ ಬಿಡಿ, ಇಲ್ಲದಿದ್ದರೆ ಹಣ್ಣು ಒಳಗೇ ಬೇಯುತ್ತದೆ. ಚೀಲ ಹಣ್ಣಿಗೆ ತಗಲದಂತೆ ಸಡಿಲವಾಗಿರಲಿ. ಒದ್ದೆಯಾಗಿ ಅಂಟಿಕೊಂಡ ಕಾಗದವನ್ನು ಎರಡೂವರೆ ಸೆಂಟಿಮೀಟರಿನ ಸೊಂಡಿಲು ಸಿಪ್ಪೆಯೊಂದಿಗೇ ಚುಚ್ಚಿಬಿಡುತ್ತದೆ. ಬಲೆ ಹೊದಿಸುವುದಕ್ಕೂ ಇದೇ ಮಾತು: ಕಣ್ಣು ಒಂದು ಸೆಂಟಿಮೀಟರಿಗಿಂತ ಸಣ್ಣದಿರಬೇಕು, ಬಲೆ ಹಣ್ಣಿನಿಂದ ದೂರ ನಿಲ್ಲಬೇಕು.

ಬೇಸಾಯದ ಪುಸ್ತಕಗಳಲ್ಲಿ ವಿಷದ ಪಾನಕದ ಸಲಹೆ ಇದೆ: 2 ಲೀಟರ್ ನೀರು, 200 ಗ್ರಾಂ ಬೆಲ್ಲ, ಸ್ವಲ್ಪ ವಿನೆಗರ್ ಅಥವಾ ಹಣ್ಣಿನ ರಸ, 20 ಮಿ.ಲೀ. ಮೆಲಾಥಿಯಾನ್, ಅಗಲ ಬಾಯಿಯ ಬಾಟಲಿಯಲ್ಲಿ ಹತ್ತು ಮರಕ್ಕೊಂದರಂತೆ ನೇತುಹಾಕುವುದು. ಪತಂಗ ಕುಡಿದರೆ ಸಾಯುತ್ತದೆ ನಿಜ. ಜೇನೂ ಕುಡಿದರೆ ಸಾಯುತ್ತದೆ. ಇಡುವುದೇ ಆದರೆ ಮುಸ್ಸಂಜೆ ಇಟ್ಟು ಬೆಳಕು ಹರಿಯುವ ಮೊದಲು ತೆಗೆದು ಮುಚ್ಚಿಡಬೇಕು, ಮಕ್ಕಳ ಮತ್ತು ದನಕರುವಿನ ಕೈಗೆಟುಕಬಾರದು. ಅಷ್ಟು ಶಿಸ್ತು ಸಾಧ್ಯವಿಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಅದರ ಬದಲು ಕಳಿತ ಬಾಳೆಹಣ್ಣನ್ನು ಸಿಪ್ಪೆ ಸಹಿತ ಸೀಳಿ, ಕಾಡಿನ ಕಡೆಯ ಸಾಲಿನಲ್ಲಿ ಎದೆಮಟ್ಟಕ್ಕೆ ನೇತುಹಾಕಿ ಅಲ್ಲಿಗೆ ಬಂದದ್ದನ್ನು ಕೈಬಲೆಯಿಂದ ಹಿಡಿಯಿರಿ. ವಿಷವಿಲ್ಲ, ಸುತ್ತಾಟವೂ ಕಡಿಮೆ.

ಹೊಗೆ ಹಾಕುವುದು ಹಳೆಯ ಪದ್ಧತಿ. ಹಣ್ಣಿನ ವಾಸನೆ ಮರೆಯಾಗುವುದರಿಂದ ಸ್ವಲ್ಪ ತಡೆಯುತ್ತದೆ. ಆದರೆ ಹೊಗೆ ಮುಸ್ಸಂಜೆಯಿಂದ ಹತ್ತು ಗಂಟೆಯವರೆಗೆ ಎಡೆಬಿಡದೆ ತೋಟದ ಎಲ್ಲ ಮೂಲೆಯಲ್ಲಿ ಆಡಬೇಕು, ಒಂದು ರಾಶಿ ಕಾಫಿ ಸಿಪ್ಪೆಗೆ ಬೆಂಕಿ ಕೊಟ್ಟು ಮಲಗಿದರೆ ಏನೂ ಆಗದು. ಜಡಿಮಳೆಯಲ್ಲಿ ಹತ್ತುವುದಿಲ್ಲ, ಜನವರಿಯ ನಂತರ ಹತ್ತಿದ್ದು ಆರುವುದಿಲ್ಲ.

ದೀಪದ ಬಗ್ಗೆ ಗೊಂದಲ ಬಹಳ ಇದೆ. ಬಿಳಿ ಬಲ್ಬಿನ ಬೆಳಕಿನ ಬಲೆಗೆ ಬೇರೆ ಪತಂಗಗಳು ರಾಶಿ ಬಿದ್ದರೂ ಇವು ಹೆಚ್ಚು ಬೀಳುವುದಿಲ್ಲ. ಹಣ್ಣಿನ ವಾಸನೆಯ ಎದುರು ದೀಪ ಇವಕ್ಕೆ ದೊಡ್ಡದಲ್ಲ. ಜಪಾನಿನ ಹಣ್ಣಿನ ತೋಟಗಳಲ್ಲಿ ಬಳಸುವುದು ಹಳದಿ ದೀಪ, ಅದೂ ಹಿಡಿಯಲು ಅಲ್ಲ, ತಡೆಯಲು. ಹಳದಿ ಬೆಳಕು ಬಿದ್ದರೆ ಪತಂಗದ ಕಣ್ಣು ಹಗಲಿನ ಸ್ಥಿತಿಗೆ ತಿರುಗಿ ಅದು ಹಾರದೆ ಕುಳಿತುಬಿಡುತ್ತದೆ. ಇದು ನಡೆಯಬೇಕಾದರೆ ಮರದ ಸುತ್ತ ಎಲ್ಲ ಕಡೆ ಬೆಳಕು ತಲುಪಬೇಕು. ಎಲೆಯ ನೆರಳಿನ ಹಣ್ಣಿಗೆ ರಕ್ಷಣೆ ಇಲ್ಲ. ರಾತ್ರಿಯಿಡೀ ಉರಿಯಬೇಕು. ಒತ್ತಾದ ನೆರಳಿನ ತೋಟದಲ್ಲಿ, ಮಳೆ ಬಂದರೆ ಕರೆಂಟು ಹೋಗುವ ಊರಿನಲ್ಲಿ ಇದನ್ನು ಶಿಫಾರಸು ಮಾಡಲು ಧೈರ್ಯ ಸಾಲದು. ಮನೆಯ ಹತ್ತಿರ ಒತ್ತಟ್ಟಿಗೆ ಮರಗಳಿರುವವರು ಪ್ರಯತ್ನಿಸಬಹುದು.

ವಾಟ್ಸ್ಆ್ಯಪ್‌ನಲ್ಲಿ ಇದೇ ಪತಂಗದ ಚಿತ್ರ ಹಾಕಿ 'ಮನುಷ್ಯರ ರಕ್ತ ಹೀರುವ ಪತಂಗ' ಎಂದು ಹರಡುವವರಿಗೂ ಒಂದು ಮಾತು. ಯುಡೋಸಿಮಾ ರಕ್ತ ಕುಡಿಯುವುದಿಲ್ಲ. ಇದರ ನೆಂಟ ಕ್ಯಾಲಿಪ್ಟ್ರಾ ಎಂಬ ಬೇರೆ ಕುಲದ ಕೆಲವು ಜಾತಿಗಳ ಗಂಡುಗಳು ಹಣ್ಣು ಚುಚ್ಚುವ ಅದೇ ಬಗೆಯ ಸೊಂಡಿಲಿನಿಂದ ಕೆಲವೊಮ್ಮೆ ದನ, ಕಡವೆಯಂಥ ಪ್ರಾಣಿಗಳ ಚರ್ಮ ಚುಚ್ಚುತ್ತವೆ. 1960ರ ದಶಕದಲ್ಲಿ ಮಲೇಷ್ಯಾದಲ್ಲಿ ಇದನ್ನು ಮೊದಲು ಕಂಡು ಬರೆದವರು ಸ್ವಿಸ್ ಕೀಟತಜ್ಞ ಹಾನ್ಸ್ ಬೆನ್ಸಿಗರ್. ಹೆಣ್ಣುಗಳು ರಕ್ತಕ್ಕೆ ಬರುವುದಿಲ್ಲ. ಸೊಳ್ಳೆಯ ಲೆಕ್ಕ ಇಲ್ಲಿ ಉಲ್ಟಾ. ಮಡಗಾಸ್ಕರಿನಲ್ಲಿ ಮಲಗಿದ ಹಕ್ಕಿಯ ಕಣ್ಣೀರನ್ನು ಕೊಕ್ಕೆಯ ಸೊಂಡಿಲಿನಿಂದ ಕುಡಿಯುವ ಪತಂಗವೂ ಒಂದಿದೆ. ಉಪ್ಪಿನ ಆಸೆ ಇವುಗಳನ್ನು ಎಲ್ಲೆಲ್ಲಿಗೋ ಎಳೆಯುತ್ತದೆ. ನಮ್ಮ ತೋಟದ್ದು ಕಿತ್ತಳೆಯಲ್ಲೇ ತೃಪ್ತ, ರಾತ್ರಿ ಸುತ್ತು ಹೋಗಲು ಇದರ ಹೆದರಿಕೆ ಬೇಡ.

ತೋಟಗಾರಿಕೆ ಇಲಾಖೆಯವರಲ್ಲಿ ಕೇಳಿಕೊಳ್ಳುವುದು ಒಂದೇ: ಹಣ್ಣು ಉದುರುವ ದೂರು ಬಂದಾಗ ಒಂದು ರಾತ್ರಿಯ ಸಮೀಕ್ಷೆಯನ್ನೂ ಇಟ್ಟುಕೊಳ್ಳಿ, ಕರಪತ್ರದಲ್ಲಿ ಹಣ್ಣುನೊಣದ ಪಕ್ಕ ಈ ಪತಂಗದ ಚಿತ್ರವನ್ನೂ ಹಾಕಿ. ಬೆಳೆಗಾರರು ಅನುಮಾನವಿದ್ದರೆ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಾದರಿ ಒಯ್ಯಬಹುದು. ಪತಂಗವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಬೆವರಿ ರೆಕ್ಕೆಯ ಹುಡಿ ಉದುರಿ ಗುರುತೇ ಸಿಗದು. ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಮಂಜುಗಟ್ಟುವ ಖಾನೆಯಲ್ಲಿ ಒಂದು ರಾತ್ರಿ ಬಿಟ್ಟರೆ ಸಾಯುತ್ತದೆ. ಪತ್ರಿಕೆಯ ಕಾಗದವನ್ನು ತ್ರಿಕೋನವಾಗಿ ಮಡಚಿ ರೆಕ್ಕೆ ಕೂಡಿಸಿ ಅದರೊಳಗಿಟ್ಟು, ಮೇಲೆ ದಿನಾಂಕ, ಊರು, ಗಂಟೆ, ಯಾವ ಹಣ್ಣಿನ ಮೇಲೆ ಕುಳಿತಿತ್ತು ಎಂದು ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ತೇವಕ್ಕೆ ಕಲೆಸಿಹೋಗುತ್ತದೆ. ಜೊತೆಗೆ ಅದೇ ಮರದ ಚುಚ್ಚಿದ ಹಣ್ಣು ಎರಡು, ಕೊಯ್ಯದೆ, ಬೇರೆ ಕಾಗದದ ಚೀಲದಲ್ಲಿ.

— ಕಿತ್ತಳೆ ಬೆಳೆಗಾರರು, ವಿರಾಜಪೇಟೆ ತಾಲ್ಲೂಕು, ಕೊಡಗು